ಹೊಲಿಗೆಗೆ ಬಿಟ್ಟ ಬಟ್ಟೆ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕಟಿಂಗಕ್ಕ ಎಂದು. ಆಸ್ಪತ್ರೆಗಳಿಗೆ, ಶಾಲೆಗಳಿಗೆ ಸಮವಸ್ತ್ರ ಹೊಲಿದುಕೊಡುವ ಘಟಕವೊಂದರಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ದೊಡ್ಡ ಕತ್ತರಿ ಅವಳ ಕೈಯಲ್ಲೇ ಇತ್ತು. ಮಿಷನ್ನಿನ ಮುಂದೆ ಕೂತವರು ತಪ್ಪು ಮಾಡಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕತ್ತರಿ ಹಿಡಿದವಳು ತಪ್ಪು ಮಾಡಿದರೆ ಮುಗಿಯಿತು, ಬಟ್ಟೆ ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಇರಬೇಕು, ಅವಳಿಗೆ ಮಾತು ಕಮ್ಮಿ, ಸಿಟ್ಟು ಮೂಗಿನ ತುದಿಯಲ್ಲಿ. ಅಳತೆ ಟೇಪು ಕೊರಳಿಂದ ಇಳಿಯುತ್ತಲೇ ಇರಲಿಲ್ಲ. ಮನೆಯಲ್ಲಿ ಒಲೆಯ ಮುಂದೆ ನಿಂತಾಗಲೂ ಅದು ನೇತಾಡುತ್ತಿದ್ದರೆ ಅತ್ತೆ ಕೂತಲ್ಲಿಂದಲೇ, "ಏನೇ, ಪಾತ್ರೆಗೂ ಸೊಂಟದ ಸುತ್ತಳತೆ ತಗೊಳ್ತೀಯಾ?" ಎಂದು ಕಿಚಾಯಿಸುತ್ತಿದ್ದಳು.

ಈ ಕಟಿಂಗಕ್ಕನಿಗೆ ನಲವತ್ತನಾಲ್ಕನೇ ವಯಸ್ಸಿನಲ್ಲಿ ಒಂದು ಆಸೆ ಹುಟ್ಟಿತು. ವಿಶ್ವವಿದ್ಯಾಲಯಕ್ಕೆ ಹೋಗಿ ಗಣಿತ ಓದಬೇಕು. ಹೌದು, ಗಣಿತವೇ. ಕೇಳಿದವರೆಲ್ಲ ನಗುತ್ತಿದ್ದರು, ಮೊದಮೊದಲು ಅವಳೂ ಜೊತೆಗೆ ನಗುತ್ತಿದ್ದಳು. ಏಳನೇ ತರಗತಿಯ ನಡುವೆ ಶಾಲೆ ಬಿಟ್ಟು ಗುಂಡಿ ಹಚ್ಚಲು ಕೂತವಳಿಗೆ ವಿಶ್ವವಿದ್ಯಾಲಯ ಎಂದರೆ ಬಸ್ಸಿನ ಕಿಟಕಿಯಿಂದ ಕಾಣುವ ಉದ್ದನೆಯ ಕಾಂಪೌಂಡು, ಅಷ್ಟೇ.

ಆಸೆಗೆ ಬೀಜ ಹಾಕಿದ್ದು ಆ ವಿಶ್ವವಿದ್ಯಾಲಯವೇ. ತನ್ನ ಬಾಗಿಲಿಗೆ ಬರಲಾಗದವರ ಬಾಗಿಲಿಗೆ ತಾನೇ ಹೋಗುತ್ತೇನೆಂದು ಅದು ಹೊಸದೊಂದು ಯೋಜನೆ ಶುರುಮಾಡಿತ್ತು. ಜನ ಎಲ್ಲಿ ದುಡಿಯುತ್ತಾರೋ ಅಲ್ಲೇ ತರಗತಿ. ಪಾಠ ಹೇಳುವವರು ಅದೇ ಬೀದಿಯಲ್ಲಿ ಬೆಳೆದು ಓದಿದವರೇ ಆಗಿರಬೇಕು. ಒಂಬತ್ತು ತಿಂಗಳು ಕಲಿತು ಪರೀಕ್ಷೆ ಪಾಸಾದರೆ ಹಳೆಯ ಶಾಲೆಯ ಸರ್ಟಿಫಿಕೇಟನ್ನು ಯಾರೂ ಕೇಳುವುದಿಲ್ಲ, ನೇರವಾಗಿ ಪದವಿ ತರಗತಿಗೆ ಸೀಟು. ಹೊಲಿಗೆ ಘಟಕದ ಮಹಡಿಯ ಇಸ್ತ್ರಿ ಕೋಣೆ ಒಂದು ಕೇಂದ್ರವಾಯಿತು. ಹನ್ನೆರಡು ಜನ ಹೆಂಗಸರು ಹೆಸರು ಬರೆಸಿದರು. ಸಂಜೆ ನಾಲ್ಕಕ್ಕೆ ಪಾಳಿ ಮುಗಿದ ಕೂಡಲೇ ಇಸ್ತ್ರಿಪೆಟ್ಟಿಗೆಗಳನ್ನು ಮೂಲೆಗೆ ಸರಿಸಿ, ಬೆಚ್ಚಗಿನ ಮೇಜುಗಳ ಮೇಲೆ ಪುಸ್ತಕ ಬಿಚ್ಚುತ್ತಿದ್ದರು. ಕಪ್ಪು ಹಲಗೆ ಇರಲಿಲ್ಲ. ಆಸ್ಪತ್ರೆಯ ಕಡುನೀಲಿ ಬಟ್ಟೆಯನ್ನೇ ಗೋಡೆಗೆ ಬಿಗಿದು ಗುರುತು ಹಾಕುವ ಸೀಮೆಸುಣ್ಣದಿಂದ ಅದರ ಮೇಲೆ ಬರೆಯುತ್ತಿದ್ದರು.

ಮೇಡಂ ಆಗಿ ಬಂದವಳು ಕಟಿಂಗಕ್ಕನ ತಂಗಿಯ ಮಗಳು. ಆ ಬೀದಿಯಿಂದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಚಿಕ್ಕವಳಿದ್ದಾಗ ಇದೇ ಕೋಣೆಯಲ್ಲಿ ಚಿಂದಿ ಬಟ್ಟೆಯ ರಾಶಿಯ ಮೇಲೆ ನಿದ್ದೆ ಮಾಡಿದವಳು, ಈಗ ಸೊಂಟದ ಮೇಲೆ ಕೈಯಿಟ್ಟು, "ದೊಡ್ಡಮ್ಮ, ನಿನ್ನೆಯ ಲೆಕ್ಕ ಎಲ್ಲಿ?" ಎಂದು ಗದರುತ್ತಿದ್ದಳು. ಇಡೀ ಘಟಕವನ್ನು ನಡುಗಿಸುವ ಕಟಿಂಗಕ್ಕ ಪುಸ್ತಕದ ಹಿಂದೆ ಮುಖ ಮರೆಸಿ, "ಮಾಡಿದೀನಿ ಮೇಡಂ, ಮನೇಲಿ ಬಿಟ್ಟು ಬಂದೆ" ಎನ್ನುತ್ತಿದ್ದಳು. ಆಗ ಉಳಿದ ಹನ್ನೊಂದು ಜನರ ಸಂತೋಷ ನೋಡಬೇಕಿತ್ತು.

ಒಂದು ದಿನ ಆ ಹುಡುಗಿ ಅನುಪಾತದ ಪಾಠ ಮಾಡುತ್ತಿದ್ದಳು. ಒಂದಳತೆ ಇಷ್ಟು ಹೆಚ್ಚಿದರೆ ಇನ್ನೊಂದು ಎಷ್ಟು ಹೆಚ್ಚಬೇಕು ಎಂಬ ಲೆಕ್ಕ. ಕಟಿಂಗಕ್ಕ ಎದ್ದು ಹೋಗಿ ಸೀಮೆಸುಣ್ಣ ಕಿತ್ತುಕೊಂಡು, ಮೂವತ್ತಾರರ ಅಳತೆಯ ಅಂಗಿಯನ್ನು ನಲವತ್ತೆರಡಕ್ಕೆ ಹಿಗ್ಗಿಸುವುದು ಹೇಗೆಂದು ನೀಲಿ ಬಟ್ಟೆಯ ಮೇಲೆ ಬರೆದು ತೋರಿಸಿದಳು. "ಇದೇನಾ ನೀನು ಹೇಳ್ತಿರೋದು?" ಎಂದಳು. ಹುಡುಗಿ ಎರಡು ಸಲ ನೋಡಿ, "ಇದೇ ದೊಡ್ಡಮ್ಮ. ಇದನ್ನ ನಾನು ಕಲಿಯೋಕೆ ಎರಡು ವರ್ಷ ಹಿಡೀತು" ಎಂದಳು. ಆವತ್ತು ಕಟಿಂಗಕ್ಕ ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ತನ್ನ ಬಲಗೈಯನ್ನೇ ನೋಡಿಕೊಂಡಳು. ಇಷ್ಟು ವರ್ಷ ಈ ಕೈ ಗಣಿತ ಮಾಡುತ್ತಿತ್ತು, ಅವಳಿಗೆ ಯಾರೂ ಹೇಳಿರಲಿಲ್ಲ. ಓದಬೇಕು ಎಂಬ ಹಟ ಅವಳ ತಲೆಗೆ ಹತ್ತಿದ್ದು ಆ ಸಂಜೆ.

ಇಲ್ಲಿ ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಆ ಕತ್ತರಿ ಕಟಿಂಗಕ್ಕನಿಗೆ ಬಂದದ್ದೇ ಅತ್ತೆಯಿಂದ. ಅಕ್ಷರದ ಗಂಧವಿಲ್ಲದ ಆ ಹೆಂಗಸು ಮೂವತ್ತು ವರ್ಷ ಅದೇ ಘಟಕದಲ್ಲಿ ಬಟ್ಟೆ ಕತ್ತರಿಸಿದ್ದಳು. ಹೊಸ ಸೊಸೆಗೆ ಕಲಿಸಿದ ಮೊದಲ ಪಾಠ ಇಷ್ಟೇ: ಯಾವ ತುಂಡೇ ಇರಲಿ, ಹೊಲಿಗೆಗೆ ಅಂತ ಸುತ್ತಲೂ ಒಂದು ಸೆಂಟಿಮೀಟರ್ ಬಟ್ಟೆ ಬಿಡಬೇಕು. ಟೇಪು ಹಿಡಿಯಬೇಕಾಗಿಲ್ಲ, ಕಿರುಬೆರಳಿನ ಉಗುರಿನಗಲ ಎಂದರೆ ಅಷ್ಟೇ. ಸೊಸೆ ಒಂದೆರಡು ಸಲ ಮರೆತಳು, ಕೈಮೇಲೆ ಏಟು ಬಿತ್ತು, ಆಮೇಲೆ ಮರೆಯಲಿಲ್ಲ. ಮುಂದೆ ಕತ್ತರಿ ಕಲಿಯಲು ಬಂದ ಒಬ್ಬೊಬ್ಬ ಹುಡುಗಿಗೂ ಅವಳು ಅದನ್ನೇ ತಲೆಗೆ ತುಂಬಿದಳು. "ಸುತ್ತಲೂ ಒಂದು!" ಎಂದು ಅವಳು ಕೂಗಿದರೆ ಮಿಷನ್ನುಗಳ ಸದ್ದಿನ ನಡುವೆಯೂ "ಬಿಟ್ಟಿದೀವಕ್ಕಾ!" ಎಂದು ಉತ್ತರ ಬರುತ್ತಿತ್ತು.

ಪರೀಕ್ಷೆಯ ದಿನ ಹನ್ನೆರಡು ಜನರೂ ಒಂದೇ ಬಸ್ಸಿನಲ್ಲಿ ಹೋದರು. ನೋಂದಣಿ ಸಂಖ್ಯೆ ಒಂದರ ಹಿಂದೊಂದು ಇದ್ದುದರಿಂದ ಎರಡೇ ಸಾಲಿನಲ್ಲಿ ಹಿಂದೆ ಮುಂದೆ ಕೂರಿಸಿದರು. ಇಬ್ಬರು ಮೇಲ್ವಿಚಾರಕರು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಲೆಕ್ಕ ಮಾಡಲು ಒಂದು ಕಚ್ಚಾ ಹಾಳೆ, ಕೊನೆಯ ಉತ್ತರವನ್ನಷ್ಟೇ ಬರೆಯಲು ಇನ್ನೊಂದು ಹಾಳೆ. ಕಚ್ಚಾ ಹಾಳೆಯನ್ನು ಯಾರೂ ತಿದ್ದುವುದಿಲ್ಲ, ಆದರೆ ಕೊಟ್ಟು ಬರಲೇಬೇಕು. ಹದಿನೇಳನೇ ಪ್ರಶ್ನೆ ಹೀಗಿತ್ತು: ಒಂದು ಪೆಟ್ಟಿಗೆಯ ಉದ್ದ ನಲವತ್ತು, ಅಗಲ ಮೂವತ್ತು, ಎತ್ತರ ಇಪ್ಪತ್ತು ಸೆಂಟಿಮೀಟರ್. ಅದರ ಆರೂ ಮುಖಗಳನ್ನು ಬಟ್ಟೆಯಿಂದ ಮುಚ್ಚಲು ಎಷ್ಟು ಚದರ ಸೆಂಟಿಮೀಟರ್ ಬಟ್ಟೆ ಬೇಕು?

ಇಡೀ ಪತ್ರಿಕೆಯಲ್ಲಿ ಇದೊಂದು ಪ್ರಶ್ನೆ ನೋಡಿ ಅವರಿಗೆಲ್ಲ ತವರುಮನೆಯವರು ಸಿಕ್ಕಷ್ಟು ಖುಷಿಯಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಉತ್ತರ ತಾಳೆ ನೋಡಿದರು. ಹದಿನೇಳಕ್ಕೆ ಎಷ್ಟು? "ಐದು ಸಾವಿರದ ಒಂಬೈನೂರ ನಲವತ್ತನಾಲ್ಕು" ಎಂದಳು ಕಾಲರ್ ಹೊಲಿಯುವವಳು. "ನಂದೂ ಅಷ್ಟೇ", "ನಂದೂ" ಎಂದು ಹಿಂದಿನ ಸೀಟಿನವರೆಗೂ ದನಿ ಹೋಯಿತು. ಒಬ್ಬಳೇ ಬಾಯಿ ಬಿಡಲಿಲ್ಲ. ಅವಳು ಕಾಜಾ ತಂಗಿ. ಗುಂಡಿ ತೂರುವ ಕಂಡಿಗೆ ಕಾಜಾ ಎನ್ನುತ್ತಾರೆ, ಹದಿನೈದು ವರ್ಷದಿಂದ ಅವಳು ಹೊಲಿದದ್ದು ಅದೊಂದನ್ನೇ. ಕತ್ತರಿ ಮುಟ್ಟಿದವಳಲ್ಲ. ಬಲವಂತ ಮಾಡಿದಾಗ, "ನನಗೆ ಐದು ಸಾವಿರದ ಇನ್ನೂರು ಬಂತು ಕಣ್ರೇ" ಎಂದು ಮೂಗೊರೆಸಿಕೊಂಡಳು. ಎಲ್ಲರೂ ಒಟ್ಟಿಗೆ, "ಅಯ್ಯೋ, ಸುತ್ತಲೂ ಒಂದು ಬಿಡೋದು ಮರೆತ್ಯಾ!" ಎಂದರು. ಪಾಪ, ಅವಳು ಇಳಿಯುವ ನಿಲ್ದಾಣದವರೆಗೂ ಅತ್ತಳು. ಕಟಿಂಗಕ್ಕ ಅವಳ ಬೆನ್ನು ಸವರಿ, "ಹೋಗ್ಲಿ ಬಿಡು, ಒಂದು ಪ್ರಶ್ನೆ ತಾನೇ. ಮುಂದಿನ ಸಲ ನೆನಪಿಟ್ಕೋ" ಎಂದು ದೊಡ್ಡ ಮನಸ್ಸು ಮಾಡಿ ಸಮಾಧಾನ ಹೇಳಿದಳು.

ಆರು ವಾರ ಕಳೆದ ಮೇಲೆ ಫಲಿತಾಂಶ ಬರಬೇಕಿತ್ತು. ಬಂದದ್ದು ಒಂದು ಪತ್ರ. ಇಸ್ತ್ರಿ ಕೋಣೆಯಲ್ಲಿ ಎಲ್ಲರ ಎದುರಿಗೆ ತಂಗಿಯ ಮಗಳು ಅದನ್ನು ಓದಿದಳು, ಓದುತ್ತಾ ಓದುತ್ತಾ ಅವಳ ದನಿ ಇಳಿದುಹೋಯಿತು. ಈ ಕೇಂದ್ರದ ಹನ್ನೊಂದು ಅಭ್ಯರ್ಥಿಗಳು ಹದಿನೇಳನೇ ಪ್ರಶ್ನೆಗೆ ಒಂದೇ ತಪ್ಪು ಉತ್ತರ ಬರೆದಿದ್ದಾರೆ. ಬೇರೆ ಯಾವ ಕೇಂದ್ರದಲ್ಲೂ ಒಬ್ಬರೂ ಆ ಉತ್ತರ ಬರೆದಿಲ್ಲ. ಇದು ಸಾಮೂಹಿಕ ನಕಲು ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಆರೋಪ ಸಾಬೀತಾದರೆ ಹನ್ನೊಂದು ಜನಕ್ಕೂ ಮೂರು ವರ್ಷ ಪರೀಕ್ಷೆ ಬರೆಯುವಂತಿಲ್ಲ, ಕೇಂದ್ರವನ್ನು ಮುಚ್ಚಲಾಗುವುದು. ಅಭ್ಯರ್ಥಿಗಳ ಪರವಾಗಿ ಒಬ್ಬರು ಬಂದು ಉತ್ತರ ಹೇಳಬಹುದು, ಬರುವ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ.

"ತಪ್ಪಾ?" ಎಂದಳು ಕಾಲರಿನವಳು. "ಎಲ್ಲಿ ತಪ್ಪು? ಸರಿಯಾಗೇ ಇದೆಯಲ್ಲ!"

"ಸರಿ ಉತ್ತರ ಐದು ಸಾವಿರದ ಇನ್ನೂರು" ಎಂದಳು ತಂಗಿಯ ಮಗಳು. "ತರಗತಿಲಿ ಎಷ್ಟು ಸಲ ಮಾಡಿಸಿದೀನಿ? ಪೆಟ್ಟಿಗೆಗೆ ಬಣ್ಣ ಬಳಿಯೋ ಲೆಕ್ಕ. ಹತ್ತು ಸಲ ಸರಿ ಮಾಡಿದೋರು ಅಲ್ಲಿ ಹೋಗಿ ಇದೆಲ್ಲಿಂದ ತಂದ್ರಿ?"

"ಬಣ್ಣಕ್ಕೆ ಹೊಲಿಗೆ ಎಲ್ಲಿದೆ?" ಎಂದಳು ಕಟಿಂಗಕ್ಕ. "ಇದು ಬಟ್ಟೆ. ಸುತ್ತಲೂ ಒಂದು ಬಿಡಬೇಡವಾ? ನಲವತ್ತಿದ್ದದ್ದು ನಲವತ್ತೆರಡಾಗುತ್ತೆ, ಮೂವತ್ತು ಮೂವತ್ತೆರಡು, ಇಪ್ಪತ್ತು ಇಪ್ಪತ್ತೆರಡು. ಆರು ತುಂಡು ಕೂಡಿಸು."

ಹುಡುಗಿ ನೀಲಿ ಬಟ್ಟೆಯ ಮೇಲೆ ಕೂಡಿಸಿದಳು. ಐದು ಸಾವಿರದ ಒಂಬೈನೂರ ನಲವತ್ತನಾಲ್ಕು ಬಂತು, ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ಸೀಮೆಸುಣ್ಣ ಕೆಳಗಿಟ್ಟು ಮೊದಲು ಜೋರಾಗಿ ನಕ್ಕಳು, ಆಮೇಲೆ ಇಸ್ತ್ರಿ ಮೇಜಿಗೆ ಒರಗಿ ಅತ್ತೇಬಿಟ್ಟಳು. ಅಷ್ಟರಲ್ಲಿ ಮೂಲೆಯಿಂದ ಕಾಜಾ ತಂಗಿ ಮೆಲ್ಲಗೆ ಎದ್ದು ನಿಂತಳು. "ಅಂದ್ರೆ... ನಂದು ಸರಿನಾ?" ಆರು ವಾರ ನಿದ್ದೆಗೆಟ್ಟವಳು ಅವಳು. ಆದರೂ ಆ ಹೊತ್ತಿನಲ್ಲಿ ಅವಳಿಗೆ ನಗು ಬರಲಿಲ್ಲ.

ಕಟಿಂಗಕ್ಕ ಆವತ್ತು ಮನೆಗೆ ಹೋಗಿ ಗೋಡೆ ನೋಡುತ್ತಾ ಕೂತಳು. ತನ್ನ ಸೀಟು ಹೋದರೆ ಹೋಗಲಿ ಎನ್ನಲು ಅವಳೇನು ಸನ್ಯಾಸಿಯಲ್ಲ, ಆ ಸೀಟು ಅವಳಿಗೆ ಬೇಕಿತ್ತು, ಬಾಯಾರಿದವರಿಗೆ ನೀರು ಬೇಕಾದಂತೆ ಬೇಕಿತ್ತು. ಆದರೆ ಉಳಿದ ಹತ್ತು ಜನರ ತಲೆಗೆ ಆ ಒಂದು ಸೆಂಟಿಮೀಟರನ್ನು ಬಡಿದು ಬಡಿದು ಇಳಿಸಿದ್ದು ಯಾರು? ತಾನೇ. "ನಾನು ಕಲಿಸಿದ್ದಕ್ಕೇ ಅವರು ಕಳ್ಳರಾದ್ರು ಅತ್ತೆ" ಎಂದಳು.

ಅತ್ತೆಗೆ ಕಳ್ಳರು ಎಂಬ ಮಾತು ಕೇಳಿ ರೇಗಿತು. "ಯಾರವನು ಕಳ್ಳರು ಅಂದೋನು? ಬಟ್ಟೆ ಬಿಡದೆ ಕತ್ತರಿಸಿದ್ದನ್ನ ಹೊಲಿದು ಆ ಪೆಟ್ಟಿಗೆಗೆ ಹಾಕು ಅನ್ನು ಅವನಿಗೆ. ಹಾಕಿದ್ರೆ ನಾನೇ ಬಂದು ಕಿವಿ ಹಿಡ್ಕೊಂಡು ನಿಲ್ತೀನಿ."

ಕಟಿಂಗಕ್ಕ ಗೋಡೆಯಿಂದ ಕಣ್ಣು ತೆಗೆದಳು.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ನೂಲಿನ ಉಂಡೆ ಬರುವ ರಟ್ಟಿನ ಪೆಟ್ಟಿಗೆಯೊಂದನ್ನು ಕತ್ತರಿಸಿ, ಅಂಟಿಸಿ, ನಲವತ್ತು ಮೂವತ್ತು ಇಪ್ಪತ್ತರ ಅಳತೆಗೆ ತಂದಳು. ಎರಡು ಹೊದಿಕೆಗೆ ಬಟ್ಟೆ ಕತ್ತರಿಸಿ ಹೊಲಿದಳು. ಒಂದು ಬಿಳಿ, ಒಂದು ನೀಲಿ. ಬಿಳಿಯದಕ್ಕೆ ಸುತ್ತಲೂ ಏನನ್ನೂ ಬಿಡದೆ ಕತ್ತರಿಸುವಾಗ ಅವಳ ಕೈ ಮೂರು ಸಲ ತಡೆಯಿತು. ಇಪ್ಪತ್ತನಾಲ್ಕು ವರ್ಷದಲ್ಲಿ ಬೇಕೆಂದೇ ಬಟ್ಟೆ ಕೆಡಿಸಿದ್ದು ಅದೇ ಮೊದಲು.

ಗುರುವಾರ ತಂಗಿಯ ಮಗಳೂ ಜೊತೆಗೆ ಬಂದಳು, ಆದರೆ ಆರೋಪ ಕೇಂದ್ರದ ಮೇಲೂ ಇದ್ದುದರಿಂದ ಅವಳನ್ನು ಒಳಗೆ ಬಿಡಲಿಲ್ಲ. ಮೊಗಸಾಲೆಯ ಬೆಂಚಿನ ಮೇಲೆ ಕೂರಿಸಿದರು. ಕಟಿಂಗಕ್ಕ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಒಬ್ಬಳೇ ಪರೀಕ್ಷಾಧಿಕಾರಿಯ ಕೋಣೆಗೆ ಹೋದಳು. ಗೋಡೆಯುದ್ದಕ್ಕೂ ಕಡತದ ಕಪಾಟು, ಮೇಜಿನ ಮೇಲೆ ದಾರ ಕಟ್ಟಿದ ಉತ್ತರಪತ್ರಿಕೆಯ ಕಟ್ಟುಗಳು, ಹಿಂದೆ ಕನ್ನಡಕದ ಒಬ್ಬರು. ಮುಖದಲ್ಲಿ ಕಾಠಿಣ್ಯವಿರಲಿಲ್ಲ, ಕರುಣೆಯೂ ಇರಲಿಲ್ಲ. ಅವಳಿಗೆ ಭಯವಾಯಿತು. ಆದರೂ ಕಣ್ಣು ತನ್ನ ಕೆಲಸ ಬಿಡಲಿಲ್ಲ. ಸಾಹೇಬರ ಅಂಗಿಯ ಎಡಗಡೆಯ ತೋಳು ಭುಜದಿಂದ ಅರ್ಧ ಇಂಚು ಕೆಳಗೆ ಜಾರಿ ಕೂತಿತ್ತು. ಅದನ್ನು ನೋಡಿದ ಮೇಲೆ ಅವಳ ಭಯ ಸ್ವಲ್ಪ ಇಳಿಯಿತು.

"ಹೇಳಿ ಅಮ್ಮ. ಹನ್ನೊಂದು ಜನಕ್ಕೆ ಒಂದೇ ತಪ್ಪು ಹೇಗೆ ಬಂತು?"

"ಸಾರ್, ನನ್ನ ಬಿಟ್ಟು ಉಳಿದ ಹತ್ತು ಜನಕ್ಕೂ ಕತ್ತರಿ ಹಿಡಿಯೋದು ಕಲಿಸಿದೋಳು ನಾನೊಬ್ಬಳೇ." ಅಷ್ಟು ಹೇಳಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಟೇಪು ತೆಗೆದು ಉದ್ದ, ಅಗಲ, ಎತ್ತರ ಅಳೆದು ತೋರಿಸಿದಳು. ಬಿಳಿ ಹೊದಿಕೆಯನ್ನು ಅವರ ಮುಂದೆ ಚಾಚಿದಳು. "ಇದು ಐದು ಸಾವಿರದ ಇನ್ನೂರರದ್ದು. ನಿಮ್ಮ ಸರಿ ಉತ್ತರ. ಹಾಕಿ ನೋಡಿ ಸಾರ್."

ಅಧಿಕಾರಿ ಒಂದು ಕ್ಷಣ ಅವಳನ್ನೇ ನೋಡಿದರು. ಬಯ್ಯಬೇಕೋ ಬೇಡವೋ ಎಂದು ಯೋಚಿಸಿದಂತಿತ್ತು. ಆಮೇಲೆ ಹೊದಿಕೆ ತೆಗೆದುಕೊಂಡು ಪೆಟ್ಟಿಗೆಯ ಒಂದು ಮೂಲೆಗೆ ಏರಿಸಿದರು. ಇನ್ನೊಂದು ಮೂಲೆ ಬರಲಿಲ್ಲ. ಎದ್ದು ನಿಂತು ಎಳೆದರು. ತೋಳು ಮಡಿಸಿ ಎಳೆದರು. ಪೆಟ್ಟಿಗೆಯ ರಟ್ಟು ಬಾಗಿತು, ಹೊಲಿಗೆ ಚರ್ ಎಂದಿತು, ಹೊದಿಕೆ ಮಾತ್ರ ಅರ್ಧಕ್ಕೇ ನಿಂತಿತು. ಕಟಿಂಗಕ್ಕ ಅದನ್ನು ಮೆಲ್ಲಗೆ ಬಿಡಿಸಿ, ನೀಲಿಯದನ್ನು ಇಳಿಸಿ, ಮೇಲಿನ ತುಂಡನ್ನು ಮುಚ್ಚಳದಂತೆ ಎಳೆದಳು. ಎಲ್ಲಿಯೂ ಒಂದು ಸುಕ್ಕಿರಲಿಲ್ಲ.

"ಹೊಲಿದ್ರೆ ಎರಡೂ ಕಡೆಯಿಂದ ಒಂದೊಂದು ಸೆಂಟಿಮೀಟರ್ ಒಳಗೆ ಹೋಗುತ್ತೆ ಸಾರ್. ಅದಕ್ಕೆ ಮೊದಲೇ ಬಿಟ್ಟಿರ್ತೀವಿ. ಪ್ರಶ್ನೇಲಿ ಬಟ್ಟೆ ಅಂತಿತ್ತು. ನಮ್ಮ ಕೈ ತಾನಾಗೇ ಬಿಟ್ಟುಬಿಡ್ತು."

ಅಧಿಕಾರಿ ಕುರ್ಚಿಗೆ ಒರಗಿದರು. "ಅರ್ಥ ಆಯ್ತು. ಚೆನ್ನಾಗಿ ಹೇಳಿದ್ರಿ. ಆದ್ರೆ ಒಬ್ಬರು ಹೀಗೆ ಯೋಚನೆ ಮಾಡಿ, ಉಳಿದವರು ಅವರದನ್ನ ನೋಡಿ ಬರೆದಿರಬಹುದಲ್ಲ? ಇಲ್ಲ ಅಂತ ನಾನು ಹೇಗೆ ನಂಬಲಿ?"

ಈ ಪ್ರಶ್ನೆಗೆ ಅವಳು ತಯಾರಾಗಿ ಬಂದಿರಲಿಲ್ಲ. ಕಣ್ಣು ಮೇಜಿನ ಮೇಲೆಲ್ಲ ಓಡಾಡಿ ದಾರ ಕಟ್ಟಿದ ಕಟ್ಟುಗಳ ಮೇಲೆ ನಿಂತಿತು. "ಸಾರ್, ನಮ್ಮ ಕಚ್ಚಾ ಹಾಳೆಗಳು ಇವೆಯಾ?"

"ಅವನ್ನ ಯಾರೂ ನೋಡಲ್ಲ."

"ಅದಕ್ಕೇ ಸಾರ್. ಅಲ್ಲಿ ಯಾರೂ ಸುಳ್ಳು ಬರೆದಿರಲ್ಲ."

ಅಧಿಕಾರಿ ಕಪಾಟಿನಿಂದ ಒಂದು ಕಟ್ಟು ತೆಗೆದು, ಹನ್ನೊಂದು ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಹಾಳೆಯ ಮೇಲೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಹೆಸರಿನ ಪಟ್ಟಿ ಅವರ ಕೈಯಲ್ಲಿತ್ತು. ಯಾರ ಸಂಖ್ಯೆ ಯಾವುದೆಂದು ಕಟಿಂಗಕ್ಕನಿಗೆ ನೆನಪಿರಲಿಲ್ಲ, ಅವಳದ್ದೇ ನೆನಪಿರಲಿಲ್ಲ. ಹದಿನೇಳನೇ ಲೆಕ್ಕ ಎಲ್ಲಿದೆ ಎಂದು ಹುಡುಕುತ್ತಾ ಬಗ್ಗಿದಳು, ಬಗ್ಗಿದವಳ ಮುಖ ಅರಳಿತು.

"ನೋಡಿ ಸಾರ್, ಬಟ್ಟೆ ತುಂಡಿನ ಚಿತ್ರ ಬರೆದಿದಾಳೆ, ಸಣ್ಣದು ಮೊದಲು, ದೊಡ್ಡದು ಆಮೇಲೆ. ಇವಳು ಕಾಲರ್ ಹೊಲಿಯೋಳು, ಯಾವಾಗಲೂ ಸಣ್ಣದರಿಂದಲೇ ಶುರು ಮಾಡೋದು" ಎಂದು ಹೆಸರು ಹೇಳಿದಳು. ಅಧಿಕಾರಿ ಪಟ್ಟಿ ನೋಡಿ ತಲೆಯಾಡಿಸಿದರು. "ಇದರಲ್ಲಿ ಆರೂ ತುಂಡು ಉದ್ದಕ್ಕೆ ಒಂದೇ ಸಾಲು. ಪರದೆ ಹೊಲಿಯೋಳು ಸಾರ್, ಅವಳಿಗೆ ಪ್ರಪಂಚ ಎಲ್ಲ ಪರದೆ ಥರಾನೇ ಕಾಣುತ್ತೆ. ಇದು ಬಲಗಡೆಯಿಂದ ಶುರುವಾಗಿದೆ, ನಮ್ಮ ಎಡಗೈಯವಳದ್ದು. ಇದರಲ್ಲಿ ಎರಡೆರಡು ತುಂಡು ಎದುರುಬದುರು ಇಟ್ಟಿದಾಳೆ ನೋಡಿ, ತೋಳು ಕತ್ತರಿಸೋ ಹಾಗೆ." ಇನ್ನೊಂದು ಹಾಳೆ ಎತ್ತಿ ನಕ್ಕಳು. "ಇವಳು ಹಳೇ ಬಟ್ಟೆ ರಿಪೇರಿಯವಳು. ಮೊದಲು ತಪ್ಪು ಮಾಡಿದಾಳೆ, ಆಮೇಲೆ ಎಷ್ಟು ಚೆನ್ನಾಗಿ ಸರಿ ಮಾಡಿದಾಳೆ ನೋಡಿ. ಮಾಡಿದ ತಪ್ಪು ಗೊತ್ತೇ ಆಗಲ್ಲ."

ಒಂದೊಂದು ಹಾಳೆಗೂ ಅವಳು ಹೆಸರು ಹೇಳುತ್ತಾ ಹೋದಳು, ಅವರು ಪಟ್ಟಿಯಲ್ಲಿ ಗುರುತು ಹಾಕುತ್ತಾ ಹೋದರು. ಹೇಳುವಾಗ ಭಯವೆಲ್ಲ ಎಲ್ಲಿ ಹೋಯಿತೋ, ತನ್ನ ಮಕ್ಕಳ ಅಂಕಪಟ್ಟಿ ತೋರಿಸುವ ತಾಯಿಯ ಹಾಗೆ ಅವಳ ದನಿ ಏರಿತ್ತು. ಯಾರದ್ದನ್ನೂ ಯಾರೂ ನೋಡಿ ಬರೆದಿರಲಿಲ್ಲ. ಹತ್ತು ಹೆಂಗಸರು ಹತ್ತು ದಾರಿಯಲ್ಲಿ ನಡೆದು ಒಂದೇ ಕಡೆ ಬಂದು ನಿಂತಿದ್ದರು. ಹತ್ತೂ ಹೆಸರು ಸರಿ.

ಹನ್ನೊಂದನೆಯದನ್ನು ಮಾತ್ರ ಅವಳು ಅಂಗೈಯಿಂದ ಮುಚ್ಚಿದಳು. "ಇದು ನಂದು, ಬಿಡಿ ಸಾರ್. ಅಕ್ಷರ ಇರುವೆ ಸಾಲಿನ ಹಾಗಿದೆ. ನೋಡೋ ಹಾಗಿಲ್ಲ."

"ಕೊಡಿ" ಎಂದು ಅವರು ಹಾಳೆಯನ್ನು ಎಳೆದುಕೊಂಡರು. ಅದರಲ್ಲಿ ಚಿತ್ರವೇ ಇರಲಿಲ್ಲ. ತುಂಡುಗಳನ್ನು ತಲೆಯಲ್ಲೇ ಜೋಡಿಸುವವಳಿಗೆ ಚಿತ್ರ ಯಾಕೆ ಬೇಕು? ಘಟಕದಲ್ಲಿ ಕತ್ತರಿಸಿದ ಪ್ರತಿ ಕಟ್ಟಿನ ಮೇಲೂ ಅವಳೊಂದು ಚೀಟಿ ಇಡುತ್ತಿದ್ದಳು, ಬಟ್ಟೆ ಇಷ್ಟು, ಹೊಲಿಗೆಗೆ ಇಷ್ಟು ಎಂದು. ಪರೀಕ್ಷೆಯಲ್ಲೂ ಕೈ ಅದೇ ಅಭ್ಯಾಸದಲ್ಲಿ ಮೂರು ಸಾಲು ಬರೆದಿತ್ತು, ಬರೆದದ್ದು ಅವಳಿಗೆ ಮರೆತೇಹೋಗಿತ್ತು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು. "ಬಟ್ಟೆ, ಐದು ಸಾವಿರದ ಇನ್ನೂರು. ಹೊಲಿಗೆಗೆ, ಏಳುನೂರ ನಲವತ್ತನಾಲ್ಕು. ಒಟ್ಟು, ಐದು ಸಾವಿರದ ಒಂಬೈನೂರ ನಲವತ್ತನಾಲ್ಕು."

ಅವರು ಮೊದಲ ಸಾಲಿನ ಮೇಲೆ ಬೆರಳಿಟ್ಟರು.

"ಸರಿ ಉತ್ತರ ನಿಮಗೆ ಗೊತ್ತಿತ್ತು" ಎಂದರು ಅವರು.

"ಗೊತ್ತಿತ್ತು ಸಾರ್. ಆದ್ರೆ ಅಷ್ಟೇ ಬಟ್ಟೆ ಕೊಟ್ಟು ಕಳಿಸೋಕೆ ಮನಸ್ಸು ಬರಲಿಲ್ಲ."

ಅವರು ನೀಲಿ ಹೊದಿಕೆಯ ಅಂಚಿನ ಮೇಲೆ ಬೆರಳಾಡಿಸಿದರು, ಒಳಗಿನ ಹೊಲಿಗೆಯನ್ನು ತಡವಿ ನೋಡಿದರು. ಆಮೇಲೆ ಕಡತದ ಮೇಲೆ ಏನೋ ಬರೆದು ಸಹಿ ಹಾಕಿದರು. "ನಕಲು ನಡೆದಿಲ್ಲ. ಇದು ನನ್ನ ತೀರ್ಮಾನ. ಫಲಿತಾಂಶ ಸೋಮವಾರ ಬರುತ್ತೆ. ಆದ್ರೆ ಹದಿನೇಳನೇ ಪ್ರಶ್ನೆಗೆ ಮಾರ್ಕು ಕೊಡೋಕೆ ಬರಲ್ಲಮ್ಮ."

"ಬೇಡ ಸಾರ್. ಕೇಳಿದ್ದು ನೀವು, ನಾವು ಉತ್ತರ ಕೊಟ್ಟಿದ್ದು ಪೆಟ್ಟಿಗೆಗೆ. ತಪ್ಪು ನಮ್ಮದೇ." ಟೇಪನ್ನು ಕೊರಳಿಗೆ ಹಾಕಿಕೊಂಡು ಬಾಗಿಲವರೆಗೆ ಹೋದವಳು ತಡೆಯಲಾರದೆ ತಿರುಗಿದಳು. "ಸಾರ್, ನಿಮ್ಮ ಅಂಗಿಯ ಎಡ ತೋಳು ಜಾರಿದೆ. ಬಿಚ್ಚಿ ಅರ್ಧ ಇಂಚು ಮೇಲೆ ತರಬೇಕು. ಒಳಗೆ ಬಟ್ಟೆ ಬಿಟ್ಟಿದ್ರೆ ಆಗುತ್ತೆ. ಬಿಟ್ಟಿರ್ತಾರೋ ಇಲ್ವೋ ಗೊತ್ತಿಲ್ಲ."

ಮೊಗಸಾಲೆಯಲ್ಲಿ ಉಗುರು ಕಚ್ಚುತ್ತಾ ಕೂತಿದ್ದ ತಂಗಿಯ ಮಗಳಿಗೆ ಒಳಗಿನಿಂದ ಸಾಹೇಬರು ಜೋರಾಗಿ ನಗುವುದು ಕೇಳಿಸಿತು. ಅವಳಿಗೆ ಏನೆಂದೇ ಅರ್ಥವಾಗಲಿಲ್ಲ. ದೊಡ್ಡಮ್ಮ ಹೊರಗೆ ಬಂದು, "ಏಳು ಮೇಡಂ, ಹೋಗೋಣ" ಎಂದಾಗ ಅವಳ ಮುಖ ನೋಡಿಯೇ ಹುಡುಗಿ ಕುಣಿದಳು.

ಸೋಮವಾರ ಹನ್ನೆರಡರಲ್ಲಿ ಒಂಬತ್ತು ಜನ ಪಾಸಾದರು. ಉಳಿದ ಮೂವರು ಮತ್ತೆ ಬರೆಯಬೇಕಾಯಿತು. ಕಾಜಾ ತಂಗಿಗೆ ಎಲ್ಲರಿಗಿಂತ ಹೆಚ್ಚು ಅಂಕ.

"ಸುತ್ತಲೂ ಒಂದು ಬಿಟ್ಯೇನೇ?" ಎಂದು ಈಗ ಅವಳೇ ಎಲ್ಲರನ್ನೂ ಕೇಳಿ ಸತಾಯಿಸತೊಡಗಿದಳು.

ಕಟಿಂಗಕ್ಕ ಬೆಳಿಗ್ಗೆ ವಿಶ್ವವಿದ್ಯಾಲಯದಲ್ಲಿ ಗಣಿತ ಓದುತ್ತಾಳೆ, ಮಧ್ಯಾಹ್ನ ಬಂದು ಬಟ್ಟೆ ಕತ್ತರಿಸುತ್ತಾಳೆ. ತರಗತಿಯಲ್ಲಿ ಮಕ್ಕಳ ವಯಸ್ಸಿನವರು ಮೊದಲು ಅವಳನ್ನು ಯಾರದ್ದೋ ತಾಯಿ ಎಂದುಕೊಂಡರು, ಈಗ ಲೆಕ್ಕ ಬಿಡಿಸದಿದ್ದಾಗ ಪಕ್ಕದಲ್ಲಿ ಬಂದು ಕೂರುತ್ತಾರೆ. ಟೇಪು ಮಾತ್ರ ಅಲ್ಲಿಯೂ ಕೊರಳಲ್ಲೇ.

ಮರುವರ್ಷ ಇಸ್ತ್ರಿ ಕೋಣೆಯಿಂದ ಹದಿನೆಂಟು ಜನ ಪರೀಕ್ಷೆಗೆ ಹೋದರು. ಸಂಜೆ ತಂಗಿಯ ಮಗಳು ಓಡೋಡಿ ಬಂದು ಪ್ರಶ್ನೆಪತ್ರಿಕೆಯನ್ನು ದೊಡ್ಡಮ್ಮನ ಕೈಗಿಟ್ಟಳು. "ಇಪ್ಪತ್ತೆರಡನೇದು ನೋಡು." ಒಂದು ಮೆತ್ತೆಗೆ ಬಟ್ಟೆ ಹೊದಿಸುವ ಲೆಕ್ಕ. ಅದರ ಕೆಳಗೆ ಬೇರೆಯಾಗಿ, ದಪ್ಪ ಅಕ್ಷರದಲ್ಲಿ ಒಂದು ಸೂಚನೆ ಅಚ್ಚಾಗಿತ್ತು: ಹೊಲಿಗೆಗೆಂದು ಸುತ್ತಲೂ ಹೆಚ್ಚಿನ ಬಟ್ಟೆ ಬಿಡುವ ಅಗತ್ಯವಿಲ್ಲ.

ಕಟಿಂಗಕ್ಕ ನಕ್ಕಳು, ನಗುತ್ತಲೇ ಕಣ್ಣು ತುಂಬಿಕೊಂಡಳು. ಪರೀಕ್ಷೆಗೆ ಕೂತ ಸಾವಿರಾರು ಜನರೂ ಆ ಸಾಲನ್ನು ಓದಿರುತ್ತಾರೆ, ಅದು ಯಾರಿಗೋಸ್ಕರ ಬರೆದದ್ದು ಎಂದು ಈ ಬೀದಿಗೆ ಮಾತ್ರ ಗೊತ್ತು. ಅತ್ತೆಯ ಪಕ್ಕದಲ್ಲಿ ಕೂತು ಅದನ್ನು ಓದಿ ಹೇಳಿದಳು.

"ಬಿಡದೆ ಹೊಲಿಯೋದು ಹೇಗಂತೆ?" ಎಂದು ಅತ್ತೆ ಮೂಗು ಮುರಿದಳು. ಆಮೇಲೆ, "ಇನ್ನೊಂದು ಸಲ ಓದು" ಎಂದಳು. ಓದಿದಳು. "ಎಲ್ಲಿ, ಯಾವ ಸಾಲು?" ಸೊಸೆ ತೋರಿಸಿದಳು. ಅತ್ತೆ ಪತ್ರಿಕೆಯನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಅದರ ಮಡಿಕೆ ಬಿಡಿಸಿದಳು. ಓದಲು ಬಾರದ ಆ ಸಾಲಿನ ಆರಂಭದಲ್ಲಿ ತನ್ನ ಕಿರುಬೆರಳನ್ನು ಇಟ್ಟು, ಉಗುರಿನಗಲ ಉಗುರಿನಗಲವಾಗಿ ಸರಿಸುತ್ತಾ ಕೊನೆಯವರೆಗೂ ಅಳೆದಳು.

"ಎಂಟು ಸೆಂಟಿಮೀಟರ್ ಇದೆ" ಎಂದಳು.